ಅಡಿಕೆ ಕೊಯ್ಲಿನ ಹೊತ್ತಿಗೆ ಲೀಗ್ ಶುರು

ನವೆಂಬರ್ 9, 2025, ಭಾನುವಾರ
ತೀರ್ಥಹಳ್ಳಿ

ಲೀಗ್ ಶುರುವಾಯ್ತು. ಕೆಳಗಿನ ಡಿವಿಷನ್ನಿನ ನಮ್ಮ ಫುಟ್‌ಬಾಲ್ ಲೀಗ್. ಟಿವಿಯಲ್ಲಿ ಬರುವುದಿಲ್ಲ, ಟಿಕೆಟ್ಟಿಲ್ಲ. ಪೇಪರಿನಲ್ಲಿ ಬಂದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು, ಅದರಲ್ಲೂ ಗೋಲು ಹೊಡೆದವನ ಹೆಸರು ತಪ್ಪು. ಮೊದಲ ಪಂದ್ಯ ಇವತ್ತು ಶಿವಮೊಗ್ಗದಲ್ಲಿ, ಭದ್ರಾವತಿಯವರ ಎದುರು. 1-2ರಲ್ಲಿ ಸೋತೆವು. ಸ್ಕೋರು ಮೊದಲೇ ಹೇಳಿಬಿಟ್ಟೆ. ಕೊನೆತನಕ ಕಾಯಿಸುವಂಥ ಪಂದ್ಯ ಏನೂ ಆಗಿರಲಿಲ್ಲ.

ತಮಾಷೆ ಅಂದ್ರೆ, ದೇಶದ ದೊಡ್ಡ ಲೀಗೇ ಈ ಸಲ ಇನ್ನೂ ಶುರುವಾಗಿಲ್ಲ. ಇಂಡಿಯನ್ ಸೂಪರ್ ಲೀಗನ್ನು ಜುಲೈನಲ್ಲೇ ತಡೆಹಿಡಿದರು. ದೇಶದ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಮುಗಿಯುತ್ತಾ ಬಂತು. ಹೊಸದಾಗಿ ಟೆಂಡರ್ ಕರೆದರು. ಮೊನ್ನೆ ಶುಕ್ರವಾರ ಕೊನೇ ದಿನ. ಒಂದೇ ಒಂದು ಬಿಡ್ ಬರಲಿಲ್ಲ. ಏಪ್ರಿಲ್‌ನಲ್ಲಿ ಫೈನಲ್ ಆಡಿ, ಎಕ್ಸ್‌ಟ್ರಾ ಟೈಮಿನಲ್ಲಿ ಮೋಹನ್ ಬಾಗಾನ್‌ಗೆ ಸೋತ ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಆಟಗಾರರ ಸಂಬಳವನ್ನೇ ನಿಲ್ಲಿಸಿತು. ನಮ್ಮಲ್ಲಿ ಸಂಬಳವೇ ಇಲ್ಲ, ನಿಲ್ಲಿಸೋದೆಲ್ಲಿಂದ ಬಂತು? ಹಾಗಾಗಿ ನಮ್ಮ ಲೀಗ್ ಹೇಳಿದ ಸಮಯಕ್ಕೆ ಶುರುವಾಯ್ತು.

ನನ್ನ ತಕರಾರು ಇರುವುದೇ ಆ ಸಮಯದ ಬಗ್ಗೆ.

ಫಿಕ್ಸ್ಚರ್, ಅಂದ್ರೆ ಯಾವ ಪಂದ್ಯ ಯಾವತ್ತು ಅನ್ನುವ ಪಟ್ಟಿ, ಮಾಡುವವರು ಪೇಟೆಯಲ್ಲಿ ಕೂತು ಕ್ಯಾಲೆಂಡರ್ ನೋಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಆಗ ಆಗಲ್ಲ. ದಸರಾ ಕಳೀಲಿ, ದೀಪಾವಳಿ ಕಳೀಲಿ. ಮಾರ್ಚ್‌ನಲ್ಲಿ ಪರೀಕ್ಷೆ. ಹಾಗಾದ್ರೆ ನವೆಂಬರ್‌ನಿಂದ ಫೆಬ್ರವರಿ, ಆಯ್ತಲ್ಲ. ಪೇಟೆ ಲೆಕ್ಕಕ್ಕೆ ಸರಿಯಾಗೇ ಇದೆ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನವೆಂಬರ್ ಅಂದ್ರೆ ಅಡಿಕೆ. ಕೊನೆ, ಅಂದ್ರೆ ಅಡಿಕೆ ಗೊಂಚಲು, ತೆಗೀಬೇಕು, ಸುಲೀಬೇಕು, ಬೇಯಿಸಬೇಕು, ಒಣಗಿಸಬೇಕು. ಇವತ್ತಲ್ಲ ನಾಳೆ ಅನ್ನುವ ಹಾಗೂ ಇಲ್ಲ. ಬೇಯಿಸಿ ಮಾಡುವ ಕೆಂಪಡಿಕೆಗೆ ಕಾಯಿ ಹಸಿರಿರುವಾಗಲೇ ಕೊನೆ ಇಳಿಸಬೇಕು. ಹಣ್ಣಾಯಿತೋ, ಅದು ಬೇಯಿಸದೆ ಒಣಗಿಸುವ ಚಾಲಿಗೆ ಹೋಯಿತು, ದರವೇ ಬೇರೆ. ತೋಟ ಇರುವವನಿಗೆ ಬಿಡುವಿಲ್ಲ. ತೋಟ ಇಲ್ಲದವನಿಗೆ ಇನ್ನೂ ಬಿಡುವಿಲ್ಲ, ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಈ ಎರಡು ಮೂರು ತಿಂಗಳಲ್ಲೇ ಆಗಬೇಕು.

ನಮ್ಮ ಲೆಫ್ಟ್ ಬ್ಯಾಕ್ ಕೊನೆ ತೆಗೆಯುವವನು. ಕಾಲಿಗೆ ತಳೆ, ಅಂದ್ರೆ ಮರ ಹತ್ತುವ ಬಳೆ, ಹಾಕಿಕೊಂಡು ಹತ್ತಿದನೆಂದರೆ ಇಳಿಯುವ ಮಾತೇ ಇಲ್ಲ, ಮೇಲಿಂದ ಮೇಲೇ ಪಕ್ಕದ ಮರಕ್ಕೆ ದಾಟುತ್ತಾನೆ. ಅಂಥ ತೊಡೆ, ಅಂಥ ಬ್ಯಾಲೆನ್ಸ್ ಇಡೀ ಡಿವಿಷನ್ನಿನಲ್ಲಿ ಇನ್ನೊಬ್ಬನಿಗೆ ಇದ್ದರೆ ತೋರಿಸಿ. ಕಷ್ಟ ಏನಪ್ಪಾ ಅಂದ್ರೆ, ಅವನು ಮೇಲಿಂದ ಇಳಿಬಿಡುವ ಕೊನೆಗೆ ಕೆಳಗೆ ಹಗ್ಗ ಹಿಡಿದು ನಿಲ್ಲುವವನು ನಮ್ಮ ಲೆಫ್ಟ್ ವಿಂಗ್. ಇಬ್ಬರೂ ಒಂದೇ ತಂಡದಲ್ಲಿ ಕೊಯ್ಲಿಗೆ ಹೋಗುತ್ತಾರೆ. ಒಂದು ತೋಟದಿಂದ ಕರೆ ಬಂದರೆ ಸಾಕು, ನಮ್ಮ ಎಡಗಡೆ ಪೂರ್ತಿ ಖಾಲಿ. ಇವತ್ತು ಆರಗದ ಕಡೆಯಿಂದ ಕರೆ ಬಂದಿತ್ತು.

ನಾನು ಹೆಸರಿಗೆ ತಂಡದ ಮ್ಯಾನೇಜರ್. ಕೆಲಸ ಅಂದ್ರೆ ಫೋನ್ ಮಾಡೋದು, ಆಧಾರ್ ಕಾಪಿ ಸೇರಿಸೋದು, ನೀರಿನ ಕ್ಯಾನ್ ಹೊರೋದು. ಟ್ಯಾಕ್ಟಿಕ್ಸ್ ಎಲ್ಲ ಆಮೇಲೆ. ನಿಯಮದ ಪ್ರಕಾರ ಒಂದು ಕಡೆ 7 ಜನ ಇದ್ದರೂ ಪಂದ್ಯ ಶುರು ಮಾಡಬಹುದು. ಅದಕ್ಕಿಂತ ಕಡಿಮೆಯಾದರೆ ಆಗಲ್ಲ. ದೊಡ್ಡ ಲೀಗಿನವರಿಗೆ ಹೀಗೊಂದು ನಿಯಮ ಇದೆ ಅನ್ನುವುದೇ ನೆನಪಿರಲಿಕ್ಕಿಲ್ಲ. ನಮಗೆ ಬಾಯಿಪಾಠ. ಹೋದ ಡಿಸೆಂಬರ್‌ನಲ್ಲಿ ಎಂಟೇ ಜನ ಆಡಿ, ಡ್ರಾ ಮಾಡಿಕೊಂಡು ಬಂದದ್ದೂ ಉಂಟು. ಅದನ್ನು ಹುಡುಗರು ಇವತ್ತಿಗೂ ಕಪ್ ಗೆದ್ದ ಥರ ಹೇಳಿಕೊಳ್ಳುತ್ತಾರೆ.

ಬೆಳಿಗ್ಗೆ ಟೆಂಪೋ ಟ್ರಾವೆಲರ್ ಹೊರಟಾಗ ಹಿಂದಿನ ಸೀಟೆಲ್ಲ ಖಾಲಿ. ಮಂಡಗದ್ದೆಯಲ್ಲಿ ಸ್ಟ್ರೈಕರ್ ಹತ್ತಿದ. ಒದ್ದೆ ಮಂಜಿನಲ್ಲಿ ರಸ್ತೆ ಪಕ್ಕ ಬೂಟು ಕುತ್ತಿಗೆಗೆ ನೇತುಹಾಕಿಕೊಂಡು ನಿಂತಿದ್ದ. ಗಾಜನೂರು ದಾಟುವ ಹೊತ್ತಿಗೆ ಎಣಿಸಿ ನೋಡಿದರೆ ಹನ್ನೆರಡು ಜನ. ಪರವಾಗಿಲ್ಲ ಅಂದುಕೊಂಡೆ.

ಗೋಲ್‌ಕೀಪರ್ ಮಾತ್ರ ಕಿಟಕಿಗೆ ತಲೆ ಕೊಟ್ಟು ನಿದ್ದೆ. ಅವನ ಮನೆಯಲ್ಲಿ ನಿನ್ನೆ ರಾತ್ರಿ ಒಂದೂವರೆತನಕ ಸುಲಿತವಂತೆ. ಕೈ ನೋಡಿದೆ. ಹೆಬ್ಬೆರಳು, ತೋರುಬೆರಳು ಎರಡೂ ಅಡಿಕೆ ಚೊಗರಿಗೆ ಕಪ್ಪಾಗಿವೆ. ಉಗುರಿನ ಸಂದಿಯಂತೂ ಇದ್ದಿಲೇ. ಅಡಿಕೆ ಸುಲಿಯುವ ಮೆಟ್ಟುಗತ್ತಿ ತಾಗಿದ ಕಡೆ ಬಟ್ಟೆ ಸುತ್ತಿಕೊಂಡಿದ್ದ. ಅದರ ಮೇಲೇ ಗ್ಲೌಸ್ ಹಾಕಬೇಕು. "ಆಡ್ತೀಯೇನೋ?" ಅಂದೆ. "ಆಡದೆ ಎಂತ ಮಾಡೂದು ಮಾರಾಯ್ರೆ, ಮನೆಯಲ್ಲಿದ್ರೆ ಮತ್ತೆ ಸುಲೀಬೇಕು" ಅಂದ.

ಮೈದಾನದಲ್ಲಿ ಒಂದು ಮೂಲೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಗಲೇ ಶುರುವಾಗಿತ್ತು. ಅವರನ್ನು ಒಪ್ಪಿಸಿ ಎಬ್ಬಿಸಿ, ಸುಣ್ಣದ ಗೆರೆ ಎಳೆದು ಮುಗಿಸುವಾಗ ಬಿಸಿಲು ಏರಿತ್ತು. ರೆಫ್ರಿ ಸಾಲಾಗಿ ನಿಲ್ಲಿಸಿ ಬೂಟು, ಶಿನ್ ಗಾರ್ಡ್ ಪರೀಕ್ಷೆ ಮಾಡಿದರು. ಮೊಣಕಾಲ ಕೆಳಗಿನ ಮೂಳೆಗೆ ಗಾರ್ಡ್ ಇಲ್ಲದೆ ಮೈದಾನಕ್ಕೆ ಇಳಿಸುವುದಿಲ್ಲ, ಅದು ಕಡ್ಡಾಯ. ನಮ್ಮ ಸೆಕೆಂಡ್ ಪಿಯು ಹುಡುಗ ಒಬ್ಬನ ಹತ್ತಿರ ಗಾರ್ಡ್ ಇರಲಿಲ್ಲ. ಅವನೇನು ಮಾಡಿದ್ದ ಗೊತ್ತಾ? ಅಡಿಕೆ ಹಾಳೆಯನ್ನು ಕಾಲಿನ ಅಳತೆಗೆ ಕತ್ತರಿಸಿ, ಎರಡು ಪದರ ಮಾಡಿ, ಸಾಕ್ಸಿನೊಳಗೆ ಇಳಿಬಿಟ್ಟಿದ್ದ. ರೆಫ್ರಿ ಬೆರಳಿನಿಂದ ಟಕ ಟಕ ಕುಟ್ಟಿ ನೋಡಿದರು. ಸಾಕ್ಸ್ ಇಳಿಸಿ ನೋಡಿದರು. ಆಮೇಲೆ ನಕ್ಕು ಬಿಟ್ಟರು. ನಿಯಮದಲ್ಲಿ ರಕ್ಷಣೆ ಕೊಡುವಂಥ ವಸ್ತು ಇರಬೇಕು, ಸಾಕ್ಸ್ ಮುಚ್ಚಿರಬೇಕು ಅಂತಿದೆ. ಪ್ಲಾಸ್ಟಿಕ್ಕೇ ಆಗಬೇಕು ಅಂತ ಎಲ್ಲೂ ಇಲ್ಲ. ಆರಗಕ್ಕೆ ಹೋದವನ ಜಾಗದಲ್ಲಿ ಲೆಫ್ಟ್ ಬ್ಯಾಕ್ ಆಡಿದ್ದು ಇದೇ ಹುಡುಗ.

ಭದ್ರಾವತಿಯವರು ಹದಿನಾರು ಜನ ಬಂದಿದ್ದರು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಅವರದ್ದು ಕಾರ್ಖಾನೆ ಊರು. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಊರಿಗೆ ಎಲ್ಲ ಕಡೆಯಿಂದ ಜನ ಕೆಲಸಕ್ಕೆ ಬಂದು ನೆಲೆ ನಿಂತರು. ಜೊತೆಗೆ ಆಟವೂ ಬಂತು. ಕ್ರಿಕೆಟ್ಟಿಗೆ ಜಿ.ಆರ್. ವಿಶ್ವನಾಥರನ್ನು ಕೊಟ್ಟ ಊರು ಅಲ್ವಾ ಅದು. ಇವತ್ತಿಗೂ ಅವರ ಡಿಫೆನ್ಸಿನಲ್ಲಿ ಒಬ್ಬ ತಮಿಳಿನಲ್ಲಿ ಕೂಗುತ್ತಾನೆ, ಇನ್ನೊಬ್ಬ ತೆಲುಗಿನಲ್ಲಿ ಉತ್ತರ ಕೊಡುತ್ತಾನೆ, ಬೈಗುಳ ಮಾತ್ರ ಶುದ್ಧ ಕನ್ನಡ. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆ ಮುಚ್ಚುತ್ತಾರೆ ಅಂತ 2023ರಲ್ಲಿ ಊರಿಗೆ ಊರೇ ಬೀದಿಗಿಳಿದಿತ್ತು. ಶಿಫ್ಟ್ ಮುಗಿಸಿ ಬಂದು ಆಡುವ ಕಾಲ ಹೋಗಿದೆ. ಹುಡುಗರು ಮಾತ್ರ ಆಡುತ್ತಲೇ ಇದ್ದಾರೆ.

ಮೊದಲ ಗೋಲು ನಮಗೆ ಬಿದ್ದದ್ದು ಹೊಸ ನಿಯಮದಿಂದ. ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಎದುರಾಳಿಗೆ ಕಾರ್ನರ್. ಈ ಜುಲೈನಿಂದ ಜಗತ್ತಿಗೆಲ್ಲ ಬಂದದ್ದು. ಮೊದಲು 6 ಸೆಕೆಂಡ್ ಅಂತಿತ್ತು, ಮೀರಿದರೆ ಇಂಡೈರೆಕ್ಟ್ ಫ್ರೀ ಕಿಕ್, ಅಂದ್ರೆ ನೇರವಾಗಿ ಗೋಲಿಗೆ ಹೊಡೆಯಲಾಗದ ಕಿಕ್. ಆದರೆ ರೆಫ್ರಿಗಳು ಅದನ್ನು ಕೊಡುತ್ತಿದ್ದದ್ದೇ ಅಪರೂಪ, ಹಾಗಾಗಿ ಯಾರೂ ಕೇರ್ ಮಾಡುತ್ತಿರಲಿಲ್ಲ. ಈಗ ಕೊನೆಯ 5 ಸೆಕೆಂಡನ್ನು ರೆಫ್ರಿ ಕೈ ಎತ್ತಿ ಬೆರಳಿನಲ್ಲಿ ಎಣಿಸಿ ತೋರಿಸುತ್ತಾರೆ. ನಮ್ಮವನು ಚೆಂಡು ಹಿಡಿದ, ಎದ್ದ, ಎಡಗಡೆ ನೋಡಿದ. ರೆಫ್ರಿ ಕೈ ಮೇಲೆ ಹೋಯಿತು. ಐದು, ನಾಲ್ಕು, ಮೂರು. ನಾವೆಲ್ಲ ಹೊರಗಿನಿಂದ "ಒದಿಯೋ, ಒದಿಯೋ" ಅಂತ ಕಿರುಚುತ್ತಿದ್ದೇವೆ. ಅವನು ಇನ್ನೂ ಎಡಗಡೆಯೇ ನೋಡುತ್ತಿದ್ದಾನೆ. ವಿಸಿಲ್. ಕಾರ್ನರ್. ಅವರ ಡಿಫೆನ್ಸಿನ ಎತ್ತರದ ಸ್ಟಾಪರ್ ಒಬ್ಬ ಬಂದು ಹೆಡ್ ಮಾಡಿದ, ಮುಗೀತು.

ನಿಯಮ ತಪ್ಪು ಅನ್ನಲಾರೆ. ಗೆಲ್ಲುತ್ತಿರುವ ಟೀಮಿನ ಕೀಪರ್ ಚೆಂಡು ತಬ್ಬಿಕೊಂಡು ಮಲಗಿ ಟೈಮ್ ಕಳೆಯುವುದನ್ನು ನೋಡಿ ನೋಡಿ ನನಗೂ ಸಾಕಾಗಿತ್ತು. ಆದರೆ ನಮ್ಮವನು ಟೈಮ್ ಕಳೆಯುತ್ತಿರಲಿಲ್ಲ. ವರ್ಷಗಟ್ಟಲೆ ಚೆಂಡು ಸಿಕ್ಕ ಕೂಡಲೇ ಎಡಗಡೆ ಉರುಳಿಸಿ ಅಭ್ಯಾಸ. ಅಲ್ಲಿ ಯಾವಾಗಲೂ ಓಡಿ ಬರುತ್ತಿದ್ದವನನ್ನು ಹುಡುಕುತ್ತಿದ್ದ. ಅವನು ಆ ಹೊತ್ತಿಗೆ ಮರದ ಮೇಲಿದ್ದ.

ಹಾಫ್ ಟೈಮಿನಲ್ಲಿ ಕಿತ್ತಳೆ ಹಂಚುವಾಗ ಗ್ಯಾಲರಿಯಲ್ಲಿ ಕೂತಿದ್ದ ಭದ್ರಾವತಿಯ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮಾತೆಲ್ಲ ರಾಜ್ಯ ರಾಜ್ಯಗಳ ತಂಡಗಳು ಆಡುವ ಸಂತೋಷ್ ಟ್ರೋಫಿ ಸುತ್ತಲೇ. ರಾಜ್ಯಕ್ಕೆ ಇನ್ನೂ ಮೈಸೂರು ಅನ್ನುತ್ತಿದ್ದ ಕಾಲದಲ್ಲಿ, 1967-68 ಮತ್ತು 1968-69ರಲ್ಲಿ ನಾವು ಸತತ ಎರಡು ಸಲ ಗೆದ್ದದ್ದು. ಎರಡನೇ ಸಲ ಫೈನಲ್ ಬೆಂಗಳೂರಿನಲ್ಲೇ, ಬಂಗಾಳದ ಮೇಲೆ. ಆಮೇಲೆ ಕರ್ನಾಟಕ ಮತ್ತೆ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ಅದೂ ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. "54 ವರ್ಷ! ರೇಡಿಯೋದಲ್ಲಿ ಕೇಳಿದ್ದೆ ಮೊದಲನೇದು, ಮೊಮ್ಮಗನ ಮೊಬೈಲಲ್ಲಿ ನೋಡಿದೆ ಎರಡನೇದು" ಅಂದರು. 1948ರ ಲಂಡನ್ ಒಲಿಂಪಿಕ್ಸ್‌ಗೂ ಬಂದರು. ಫ್ರಾನ್ಸ್ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದು, ಭಾರತದ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರೇ ಅನ್ನುವುದು. ಅಡಿಕೆ ಹಾಳೆ ಶಿನ್ ಗಾರ್ಡ್ ವಿಷಯ ಹೇಳಿದೆ. "ಬಿಡಿ, ಪ್ರಗತಿ ಆಗಿದೆ ಹಾಗಾದ್ರೆ" ಅಂದರು.

ಸೆಕೆಂಡ್ ಹಾಫ್‌ನಲ್ಲಿ ಕ್ಯಾಪ್ಟನ್ ಫ್ರೀ ಕಿಕ್‌ನಲ್ಲಿ ಸಮ ಮಾಡಿದ. ಅವನು ಪಿಗ್ಮಿ ಕಲೆಕ್ಷನ್ ಮಾಡುವವನು. ದಿನಾ ಊರಿಡೀ ಸುತ್ತುವ ಕಾಲು, ದಣಿವು ಅನ್ನುವುದೇ ಇಲ್ಲ. ಎದುರು ನಿಂತ ಆಟಗಾರರ ಗೋಡೆಯ ಮೇಲಿಂದ ಹಾರಿಸಲಿಲ್ಲ, ಕೆಳಗಿನಿಂದ ಜಾರಿಸಿದ. ಕೆಂಪು ಜಂಬುಮಣ್ಣಿನ ನೆಲ, ಚೆಂಡು ಒಮ್ಮೆ ಪುಟಿದು ದಿಕ್ಕು ಬದಲಿಸಿ ಒಳಗೆ ಹೋಯಿತು. ಚೆಂದದ ಗೋಲೇನಲ್ಲ. ನಮ್ಮ ಡಿವಿಷನ್ನಿನಲ್ಲಿ ಚೆಂದದ ಗೋಲಿಗೂ ಕೊಡುವುದು ಒಂದೇ.

ಡ್ರಾ ಆಗುತ್ತದೆ ಅಂದುಕೊಂಡೆ. ಆಗಲಿಲ್ಲ. ಅವರ ರೈಟ್ ವಿಂಗ್ ಹುಡುಗನಿಗೆ ಗೊತ್ತಾಗಿಹೋಗಿತ್ತು, ನಮ್ಮ ಎಡಗಡೆ ಬಾಗಿಲು ತೆರೆದೇ ಇದೆ ಅಂತ. ಪಿಯು ಹುಡುಗ ಒಬ್ಬನೇ ಎಷ್ಟು ಅಂತ ಓಡಿಯಾನು? ಕೊನೆಯ ಹೊತ್ತಿಗೆ ಕಾಲು ಹಿಡಿದುಕೊಂಡಿತು. ನಮ್ಮಲ್ಲಿ ಬದಲಿ ಇದ್ದವನು ಒಬ್ಬನೇ, ಅವನನ್ನು ಆಗಲೇ ಇಳಿಸಿ ಆಗಿತ್ತು. ಕ್ರಾಸ್ ಬಂತು, ಗೋಲು ಬಿತ್ತು. ಹುಡುಗ ಅಳುವ ಹಾಗೆ ನಿಂತಿದ್ದ. ಅವನನ್ನು ಯಾರೂ ಬೈಯಲಿಲ್ಲ, ಅದೊಂದು ಸಮಾಧಾನ. ಕಾಲು ನೋಡಿದೆ, ಹಾಳೆ ಸೀಳಿ ಹೋಗಿತ್ತು, ಮೂಳೆಗೆ ಒಂದು ಗೀರೂ ಇರಲಿಲ್ಲ.

ಲೀಗನ್ನು ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ, ಏಪ್ರಿಲ್‌ನಲ್ಲಿ ಮುಗಿಸಿ ಅಂತ ನಾನು ಪತ್ರ ಬರೆದುಕೊಟ್ಟಿದ್ದೇನೆ. ಕೊಯ್ಲು ಬಹುತೇಕ ಮುಗಿದಿರುತ್ತದೆ, ನೆಲ ಒಣಗಿರುತ್ತದೆ. ಪರೀಕ್ಷೆ ಸಮಯದಲ್ಲಿ ಮೂರು ವಾರ ಬಿಡುವು ಕೊಟ್ಟರಾಯಿತು. ಭದ್ರಾವತಿಯವರು ಒಪ್ಪುವುದಿಲ್ಲ, ಬಿಸಿಲು ಅಂತಾರೆ. ಅವರ ಮಾತಿನಲ್ಲೂ ನ್ಯಾಯ ಇದೆ, ಮಾರ್ಚ್ ಮಧ್ಯಾಹ್ನ ಅಲ್ಲಿ ಓಡುವುದು ಸುಲಭವಲ್ಲ. ಸಂಜೆ ನಾಲ್ಕೂವರೆಗೆ ಇಟ್ಟುಕೊಳ್ಳಬಹುದಲ್ಲ ಅಂದೆ. "ನೋಡೋಣ" ಅನ್ನುವ ಉತ್ತರ ಬಂದಿದೆ. "ನೋಡೋಣ" ಅಂದ್ರೆ ಮುಂದಿನ ವರ್ಷವೂ ನವೆಂಬರ್ ಅಂತ ಲೆಕ್ಕ. ನನ್ನ ಅಭಿಪ್ರಾಯ ಇಷ್ಟೇ: ಫಿಕ್ಸ್ಚರ್ ಕಮಿಟಿಯಲ್ಲಿ ಒಂದೆಕರೆಯಾದರೂ ತೋಟ ಇರುವವರು ಒಬ್ಬರು ಬೇಕು.

ಗೆದ್ದರೆ 3 ಪಾಯಿಂಟು, ಡ್ರಾ ಆದರೆ 1. ಸದ್ಯಕ್ಕೆ ಸೊನ್ನೆ. ಮುಂದಿನ ಭಾನುವಾರ ಸಾಗರದವರು. ಅವರದ್ದೂ ಅಡಿಕೆ ಊರೇ, ಅವರಿಗೂ ಎಷ್ಟು ಜನ ಸಿಗುತ್ತಾರೋ ನೋಡಬೇಕು.

ವಾಪಸ್ ಬಂದವನೇ ಆರಗದ ತೋಟದ ಯಜಮಾನರಿಗೆ ಫೋನ್ ಮಾಡಿದೆ. ಭಾನುವಾರ ಹುಡುಗರಿಬ್ಬರನ್ನೂ ಬಿಟ್ಟುಕೊಡಿ ಅಂದೆ. ಅವರಿಗೆ ಫುಟ್‌ಬಾಲ್ ಮೇಲೆ ಸಿಟ್ಟೇನಿಲ್ಲ. "ಕೊನೆ ಶನಿವಾರಕ್ಕೆ ಮುಗಿಸ್ಬಹುದು. ಆದ್ರೆ ಇಳಿಸಿದ್ದು ಅಂಗಳದಲ್ಲಿ ರಾಶಿ ಬಿದ್ದಿದೆ, ಸುಲಿಯೋಕೆ ಜನ ಇಲ್ಲ. ನಿಮ್ಮ ಟೀಮಿಂದ ಒಂದು ರಾತ್ರಿ ಕಳ್ಸಿ, ಭಾನುವಾರ ಇಬ್ಬರೂ ನಿಮ್ಮವರು" ಅಂದರು. ಊಟ ಅವರದ್ದೇ, ಸುಲಿದದ್ದಕ್ಕೆ ದುಡ್ಡೂ ಕೊಡುತ್ತಾರಂತೆ. ಆ ದುಡ್ಡಿನಲ್ಲಿ ಟೆಂಪೋ ಬಾಡಿಗೆಗೆ ಒಂದಿಷ್ಟು ಆಗುತ್ತದೆ.

ಗುರುವಾರದ ಪ್ರಾಕ್ಟೀಸ್ ಕ್ಯಾನ್ಸಲ್ ಅಂತ ಗ್ರೂಪಿಗೆ ಹಾಕಿದ್ದೇನೆ. ಸಂಜೆ ಏಳಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಸೇರುವುದು. ಮೆಟ್ಟುಗತ್ತಿ ಇದ್ದವರು ತರಬೇಕು. ಗೋಲ್‌ಕೀಪರ್ ಬರುವುದು ಬೇಡ, ಅವನು ಮಲಗಲಿ.