ಮುಖವಿಲ್ಲದ ಸಿಬೇಲಿಯಸ್ ನಾಣ್ಯ

ಇವತ್ತು ಹೆಲ್ಸಿಂಕಿಯಲ್ಲಿ ಕಾಫಿಗೆ ದುಡ್ಡು ಕೊಟ್ಟಾಗ ಚಿಲ್ಲರೆಯಲ್ಲಿ ಬೇರೆ ಥರದ್ದೊಂದು 2 ಯೂರೋ ನಾಣ್ಯ ಬಂತು. ಸಂಗೀತ ಸಂಯೋಜಕ ಸಿಬೇಲಿಯಸ್ ಹುಟ್ಟಿ 150 ವರ್ಷವಾದ ನೆನಪಿಗೆ 2015ರಲ್ಲಿ ಫಿನ್‌ಲ್ಯಾಂಡ್ ಹೊರತಂದದ್ದು.

ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲೂ ಅವರ ಮುಖ ಇಲ್ಲ! ಮರಗಳ ತುದಿ, ಮೇಲೆ ನಕ್ಷತ್ರ ತುಂಬಿದ ಆಕಾಶ, ಅವರ ಹೆಸರು. ಅಷ್ಟೇ.

ಯೂರೋಗೆ ಮುಂಚಿನ ಫಿನ್‌ಲ್ಯಾಂಡ್ ಹಣ ಮಾರ್ಕಾ; ಅದರ 100ರ ನೋಟಿನಲ್ಲಿ ಅವರ ಮುಖ ಇತ್ತು, ಹಿಂಬದಿಯಲ್ಲಿ ಹಂಸಗಳು. ಅದೂ ಚೆಂದವೇ. ಆದರೂ ನನಗೆ ಇದೇ ಜಾಸ್ತಿ ಹಿಡಿಸಿತು. 1904ರಿಂದ 1957ರಲ್ಲಿ ತೀರಿಕೊಳ್ಳುವ ತನಕ ಮರಗಳ ನಡುವಿನ ಐನೊಲಾ ಮನೆಯಲ್ಲೇ ಬಾಳಿದವರು. ಅವರಿಗೆ ಮರ, ಆಕಾಶವೇ ಸರಿಯಾದ ಗುರುತು ಅಲ್ವಾ?

ಇದನ್ನು ಡಬ್ಬಿಯಲ್ಲಿ ಎತ್ತಿಡೋದಿಲ್ಲ. ನಾಳೆನೇ ಖರ್ಚು ಮಾಡ್ತೀನಿ. ಅವರ ಐದನೇ ಸಿಂಫನಿ ಒಮ್ಮೆಯೂ ಕೇಳದವರ ಕೈಗೂ ಹೋಗಲಿ.