ಏಳು ಕಿಲೋ ಹಿಡಿತ

ಆ ದಿನ ವರದಿಯ ಕರಡಿನಲ್ಲಿ ನಾನು ಬರೆದಿದ್ದ ವಾಕ್ಯ ಇಂದಿಗೂ ನೆನಪಿದೆ: 'ಇವರು ಪರೀಕ್ಷೆಯಲ್ಲಿ ಪೂರ್ಣ ಪ್ರಯತ್ನ ಹಾಕಿರುವಂತೆ ಕಾಣುವುದಿಲ್ಲ.'

ನಾನು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ ಆಗಿದ್ದೇನೆ. ಗಾಯಗೊಂಡವರು ಮತ್ತೆ ಕೆಲಸಕ್ಕೆ ಮರಳಬಲ್ಲರೇ, ಎಷ್ಟು ಭಾರ ಎತ್ತಬಲ್ಲರು, ಎಷ್ಟು ಹೊತ್ತು ಹಿಡಿದು ನಿಲ್ಲಬಲ್ಲರು ಎಂದು ಅಳೆಯುವುದು ನನ್ನ ಕೆಲಸದ ಒಂದು ಭಾಗ. ಅಂದು ಬಂದಿದ್ದವರು ಪೀಣ್ಯದಲ್ಲಿ ಪವರ್ ಪ್ರೆಸ್ (ಲೋಹದ ತಗಡನ್ನು ಒತ್ತಿ ಕತ್ತರಿಸುವ ಯಂತ್ರ) ನಡೆಸುತ್ತಿದ್ದ, ನಲವತ್ತರ ಆಸುಪಾಸಿನ ಕಾರ್ಮಿಕ. ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಮಡಚುವ ಸ್ನಾಯುರಜ್ಜುಗಳು ತುಂಡಾಗಿ, ಅವನ್ನು ಹೊಲಿದು ಜೋಡಿಸಿ ಏಳು ತಿಂಗಳಾಗಿತ್ತು. ಕೆಲಸದಲ್ಲಿ ಗಾಯಗೊಂಡವರಿಗೆ ಆಗ ಅನ್ವಯಿಸುತ್ತಿದ್ದ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಇಡೀ ತೋರುಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ 14ರಷ್ಟು ನಷ್ಟ ಎಂದು ಬರೆದಿತ್ತು. ಆದರೆ ಇವರ ಬೆರಳುಗಳು ಉಳಿದಿದ್ದವು, ಬಲ ಮಾತ್ರ ಹೋಗಿತ್ತು. ಅಂಥ ಗಾಯಕ್ಕೆ ಪಟ್ಟಿಯಲ್ಲಿ ಸಿದ್ಧ ಅಂಕಿಯಿರಲಿಲ್ಲ, ವೈದ್ಯರು ಅಂದಾಜು ಮಾಡಿ ಹೇಳಬೇಕಿತ್ತು, ಆ ಅಂದಾಜಿಗೆ ನಮ್ಮ ಅಳತೆಗಳೇ ಆಧಾರ. ಹಿಂದಿನ ದಿನ ಕಾರ್ಖಾನೆಯ ಸಿಬ್ಬಂದಿ ವಿಭಾಗದಿಂದ ಫೋನ್ ಬಂದಿತ್ತು. "ನಾಟಕ ಆಡ್ತಿದಾನಾ ಅಂತ ಸ್ವಲ್ಪ ನೋಡಿ ಮೇಡಂ" ಎಂದಿದ್ದರು. ಆ ಮಾತು ನನ್ನ ಕಿವಿಯಲ್ಲಿ ಉಳಿದಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಹಿಡಿತದ ಬಲವನ್ನು ಡೈನಮೊಮೀಟರ್‌ನಿಂದ ಮೂರು ಬಾರಿ ಅಳೆಯುತ್ತೇವೆ. ಎಡಗೈ 38, 41, 39 ಕಿಲೋ ತೋರಿಸಿತು. ಬಲಗೈ 6, 9, 7. ಮೂರು ಅಳತೆಗಳ ಏರುಪೇರು (ಸ್ಟ್ಯಾಂಡರ್ಡ್ ಡೀವಿಯೇಷನ್ ಎಂಬ ಲೆಕ್ಕ) ಸರಾಸರಿಯ ಶೇಕಡಾ 15ನ್ನು ಮೀರಿದರೆ ಪ್ರಯತ್ನದ ಬಗ್ಗೆ ಅನುಮಾನ ಪಡಬೇಕೆಂಬ ರೂಢಿಯೊಂದು ನಮ್ಮಲ್ಲಿದೆ. ಬಲಗೈಯ ಏರುಪೇರು ಶೇಕಡಾ 21 ಬಂತು. ಉಪಕರಣದ ಹಿಡಿಯನ್ನು ಐದು ಅಗಲಗಳಲ್ಲಿ ಬದಲಿಸಿ ಅಳೆದಾಗ, ಪೂರ್ಣ ಬಲ ಹಾಕಿದರೆ ನಕ್ಷೆಯ ನಡುವೆ ಉಬ್ಬಬೇಕಾದ ರೇಖೆ ಚಪ್ಪಟೆಯಾಗಿ ಮಲಗಿತ್ತು. ಬೇಗಬೇಗ ಕೈ ಬದಲಿಸಿ ಹಿಡಿಯಲು ಹೇಳಿದಾಗ ಅದೇ ಬಲಗೈ 10 ಕಿಲೋ ಒತ್ತಿತು. ನಿಧಾನವಾಗಿ ಒತ್ತಿದ್ದಕ್ಕಿಂತ ಅವಸರದಲ್ಲಿ ಹೆಚ್ಚು ಬಲ ಬಂದರೆ ಅದು ತಡೆಹಿಡಿದ ಪ್ರಯತ್ನದ ಗುರುತು ಎಂದು ನಾವು ಕಲಿತಿದ್ದೇವೆ. ಮೂರಕ್ಕೆ ಮೂರೂ ಅವರ ವಿರುದ್ಧವೇ ಇದ್ದವು, ನಾನು ಆ ವಾಕ್ಯ ಬರೆದೆ.

ಬರೆದ ಮೇಲೆ ಅಂಕಿಗಳನ್ನು ಮತ್ತೊಮ್ಮೆ ನೋಡಿದೆ. ಎರಡೂ ಕೈಗಳಲ್ಲಿ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಅಳತೆಯ ನಡುವಿನ ಅಂತರ ಸರಿಯಾಗಿ ಮೂರೇ ಕಿಲೋ. ಆದರೆ ಏರುಪೇರಿನ ಲೆಕ್ಕದಲ್ಲಿ ಎಡಗೈಗೆ ಶೇಕಡಾ 4, ಬಲಗೈಗೆ 21. ಕೈ ದುರ್ಬಲವಾದಷ್ಟೂ ಅದೇ ಮೂರು ಕಿಲೋ ದೊಡ್ಡ ಅಪರಾಧವಾಗಿ ಕಾಣುತ್ತದೆ! ಚಪ್ಪಟೆ ರೇಖೆಯೂ ಹಾಗೆಯೇ; ನಿಜವಾಗಿ ಬಲ ಕಳೆದುಕೊಂಡ ಕೈಯೂ ಅಂಥದೇ ರೇಖೆ ಬರೆಯಬಲ್ಲದು. ಬೆನ್ನುನೋವಿನವರಲ್ಲಿ ಕಾಣುವ ಕೆಲವು ಲಕ್ಷಣಗಳನ್ನು 1980ರಲ್ಲಿ ವಿವರಿಸಿದ ವೈದ್ಯ ಗಾರ್ಡನ್ ವಾಡೆಲ್, ಅವನ್ನು ಸುಳ್ಳು ಹಿಡಿಯುವ ಸಾಧನವಾಗಿ ಬಳಸುವವರನ್ನು ಮುಂದೆ ತಾವೇ ಎಚ್ಚರಿಸಬೇಕಾಯಿತು. ನಾನು ಮಾಡುತ್ತಿದ್ದುದೂ ಅದನ್ನೇ ಆಗಿತ್ತು. ಆದರೂ ಮೂರನೆಯ ಗುರುತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಬಲವನ್ನು ತಡೆಹಿಡಿಯುತ್ತಿದ್ದರು ಎಂಬುದು ನಿಜವೇ ಇರಬೇಕು ಅನ್ನಿಸಿತು.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದವರನ್ನು ಮತ್ತೆ ಒಳಗೆ ಕರೆದು, ಒತ್ತುವಾಗ ಎಲ್ಲಿ ನೋಯುತ್ತದೆ ಎಂದು ಕೇಳಿದೆ.

"ನೋವಿಗಲ್ಲ ಮೇಡಂ. ಒಳಗಿನ ಹೊಲಿಗೆ ಕಿತ್ತು ಬಂದ್ರೆ?"

ಶಸ್ತ್ರಚಿಕಿತ್ಸೆಯಾದ ವಾರದಲ್ಲಿ ಯಾರೋ ಅವರಿಗೆ ಜೋರಾಗಿ ಏನನ್ನೂ ಹಿಡಿಯಬೇಡ, ಹೊಲಿಗೆ ಹರಿಯುತ್ತದೆ ಎಂದು ಹೇಳಿದ್ದರು. ಅದು ಸರಿಯಾದ ಸಲಹೆಯೇ, ಆದರೆ ಸಾಮಾನ್ಯವಾಗಿ ಸುಮಾರು ಹನ್ನೆರಡು ವಾರಗಳ ಮಟ್ಟಿಗೆ. ಆ ಅವಧಿ ಮುಗಿಯಿತೆಂದು ಆಮೇಲೆ ಯಾರೂ ಹೇಳಿರಲಿಲ್ಲ. ಅವರು ಏಳು ತಿಂಗಳಿಂದ ಆ ಮಾತನ್ನು ವ್ರತದಂತೆ ಪಾಲಿಸಿದ್ದರು. ಮನೆಯಲ್ಲಿ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದರು. ಪಂಕ್ತಿಯಲ್ಲಿ ಎಲ್ಲರೆದುರು ಎಡಗೈ ಎಲೆಗೆ ಹಾಕಲು ನಾಚಿಕೆಯಾಗಿ, ಸ್ವಂತ ತಂಗಿಯ ಮಗಳ ಮದುವೆಯಲ್ಲೂ ಊಟಕ್ಕೆ ಕೂರದೆ ಬಂದಿದ್ದರು. ಇದನ್ನೆಲ್ಲ ಅವರು ದೂರಿನಂತೆ ಹೇಳಲಿಲ್ಲ, ನಾನು ಒಂದೊಂದಾಗಿ ಕೇಳಿದ್ದಕ್ಕೆ ತಲೆತಗ್ಗಿಸಿ ಉತ್ತರಿಸಿದರು. ಬೇಗಬೇಗ ಕೈ ಬದಲಿಸುವಾಗ ಹೊಲಿಗೆಯ ಭಯ ಮರೆತಿತ್ತು, ಅದಕ್ಕೇ 10 ಕಿಲೋ ಬಂದಿತ್ತು. ಉಪಕರಣ ಹೇಳಿದ್ದು ತಪ್ಪಲ್ಲ, ಅವರು ತಡೆಹಿಡಿದಿದ್ದರು. ಏಕೆಂದು ಹೇಳುವುದು ಉಪಕರಣದ ಕೆಲಸವಾಗಿರಲಿಲ್ಲ, ನನ್ನದಾಗಿತ್ತು, ಅದನ್ನು ನಾನು ಕೇಳದೆಯೇ ಬರೆದಿದ್ದೆ.

ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ, ಇನ್ನು ಬಲ ಹಾಕಬಹುದೆಂದು ಅವರ ಬಾಯಿಂದಲೇ ಇವರಿಗೆ ಹೇಳಿಸಿದೆ. ಒದ್ದೆ ಟವೆಲ್ ಹಿಂಡುವುದರಿಂದ ಅಭ್ಯಾಸ ಶುರುವಾಯಿತು. ಮೂರು ವಾರಗಳ ನಂತರ ಬಲಗೈ 13, 15, 14 ಕಿಲೋ ತೋರಿಸಿತು. ಎಡಗೈಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಅಂಥ ಕೈಯನ್ನು ಪ್ರೆಸ್ಸಿನ ಮುಂದೆ ಮತ್ತೆ ನಿಲ್ಲಿಸಲು ನನಗೆ ಧೈರ್ಯವಿರಲಿಲ್ಲ.

ವರದಿಯಲ್ಲಿ ಹಳೆಯ ವಾಕ್ಯವನ್ನು ಹೊಡೆದುಹಾಕಿ ಹೀಗೆ ಬರೆದೆ: 'ಮೊದಲ ಪರೀಕ್ಷೆಯಲ್ಲಿ ಹಿಡಿತ ಸೀಮಿತವಾಗಿತ್ತು, ಕಾರಣ, ಅವಧಿ ಮುಗಿದ ವೈದ್ಯಕೀಯ ನಿರ್ಬಂಧವೊಂದನ್ನು ಇವರು ಪಾಲಿಸುತ್ತಿದ್ದುದು. ಈಗಿನ ಅಳತೆಗಳು ನಂಬಲರ್ಹ.' ಸಿಬ್ಬಂದಿ ವಿಭಾಗದವರು ಮತ್ತೆ ಫೋನ್ ಮಾಡಿ "ಹಾಗಾದ್ರೆ ನಾಟಕ ಅಲ್ಲ ಅಂತೀರಾ?" ಎಂದು ಕೇಳಿದರು. ಅಲ್ಲ ಎಂದೆ, ಮತ್ತು ಅದನ್ನೂ ಬರವಣಿಗೆಯಲ್ಲಿ ಕಳಿಸಿದೆ.