ಕಿಟ್ಟೆಲ್ ಅಂದರೆ ಮೇಲಂಗಿ

7 ಏಪ್ರಿಲ್ 2025, ಸೋಮವಾರ

ಇವತ್ತು ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ ದಿನ. 1832ರಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಸಾವಿರಾರು ಕನ್ನಡ ಪದಗಳ ಬೇರು ಕೆದಕಿ 1894ರಲ್ಲಿ ನಿಘಂಟು ಕೊಟ್ಟವರ ಹೆಸರಿನ ಬೇರು ಯಾವುದು ಎಂದು ನಾವು ಕೇಳುವುದು ಅಪರೂಪ. ಇಂದಿನ ಪುಟ ಅದಕ್ಕೇ.

ಜರ್ಮನ್ ಮಾತಿನಲ್ಲಿ ಕಿಟ್ಟೆಲ್ ಅಂದರೆ ಉಟ್ಟ ಬಟ್ಟೆಯ ಮೇಲೆ ತೊಡುವ ಸಡಿಲ ಅಂಗಿ, ಕೆಲಸದವರದ್ದು. ವೈದ್ಯರ ಬಿಳಿ ಕೋಟನ್ನೂ ಅಲ್ಲಿ ಹಾಗೇ ಕರೆಯುತ್ತಾರೆ. ಅಶ್ಕೆನಾಜಿಗಳು, ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದ ಯಹೂದಿಗಳು, ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ದಿನ ತೊಡುವ ಬಿಳಿ ನಿಲುವಂಗಿಗೂ ಇದೇ ಹೆಸರು. ಇಂಥ ಅಂಗಿ ಹೊಲಿಯುವವನನ್ನೋ, ಸದಾ ಅದನ್ನೇ ತೊಟ್ಟು ತಿರುಗುವವನನ್ನೋ ಊರವರು ಹಾಗೆ ಕರೆದರು, ಕರೆದದ್ದು ಮನೆತನಕ್ಕೆ ಅಂಟಿತು. ಧಾರವಾಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಬಳಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಅಡ್ಡಹೆಸರುಗಳ ನಡುವೆಯೇ ಅವರು ಬೆಳೆದವರು. ಕಿಟ್ಟೆಲ್ಲರೂ ಆ ಊರಿನಲ್ಲಿ ಇದ್ದು ಕೆಲಸ ಮಾಡಿದವರು.

ಹುಟ್ಟಿದ ಸೀಮೆಗೆ ಮಾತ್ರ ಈ ಹೆಸರು ಹೊಂದುವುದಿಲ್ಲ. ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ಸ್ಥಿರವಾದ ಮನೆತನದ ಹೆಸರೇ ಬಹುಪಾಲು ಜನರಿಗೆ ಇರಲಿಲ್ಲ. ಯಾನ್‌ನ ಮಗ ಹಾರ್ಮ್ ಆದರೆ ಅವನು ಹಾರ್ಮ್ ಯಾನ್ಸೆನ್, ಅವನ ಮಗ ಯಾನ್ ಹಾರ್ಮ್ಸ್. ತಲೆಮಾರಿಗೊಮ್ಮೆ ಹೆಸರು ಬದಲು. 1811ರಲ್ಲಿ ನೆಪೋಲಿಯನ್ ಆಡಳಿತ ಒಂದೇ ಹೆಸರಿಗೆ ನಿಲ್ಲಬೇಕೆಂದು ಆಜ್ಞೆ ಹೊರಡಿಸಿತು. ಕಿಟ್ಟೆಲ್ ಎಂಬುದು ಈ ಅಚ್ಚಿನದಲ್ಲ. ಹಳ್ಳಿಯ ಪಾದ್ರಿಯಾಗಿದ್ದ ತಂದೆಯಿಂದ ಮಗನಿಗೆ ಬಂದ ಹೆಸರು ಅದು.

ಈ ಹೆಸರಿನ ಉಳಿದವರೂ ಸಾಮಾನ್ಯರಲ್ಲ. ಎರ್‌ಫುರ್ಟ್‌ನ ಆರ್ಗನ್ ವಾದಕ ಯೋಹಾನ್ ಕ್ರಿಸ್ಟಿಯಾನ್ ಕಿಟ್ಟೆಲ್ (1732–1809) ಜರ್ಮನ್ ಸಂಗೀತಕಾರ ಬಾಖ್‌ನ ಕೊನೆಯ ಶಿಷ್ಯರ ಸಾಲಿನವರು. ರುಡೋಲ್ಫ್ ಕಿಟ್ಟೆಲ್ ಹೀಬ್ರೂ ಬೈಬಲ್ಲಿನ ಪರಿಷ್ಕೃತ ಪಾಠ ಸಿದ್ಧಪಡಿಸಿದವರು. ಅವರ ಮಗ ಗೆರ್‌ಹಾರ್ಡ್ ಹೊಸ ಒಡಂಬಡಿಕೆಯ ದೊಡ್ಡ ಕೋಶದ ಸಂಪಾದಕ. ನಾಜಿಗಳ ಬೆನ್ನಿಗೆ ನಿಂತ ಕಳಂಕವೂ ಅವರದು. ಘನಸ್ಥಿತಿ ಭೌತಶಾಸ್ತ್ರ ಓದಿದವರ ಕೈಯಲ್ಲಿ ಇರುವ ಪುಸ್ತಕ ನ್ಯೂಯಾರ್ಕಿನಲ್ಲಿ ಹುಟ್ಟಿದ ಚಾರ್ಲ್ಸ್ ಕಿಟ್ಟೆಲ್ (1916–2019) ಅವರದು. ಸೈಕಲ್ ಓಟಗಾರ ಮಾರ್ಸೆಲ್ ಕಿಟ್ಟೆಲ್ ಟೂರ್ ದ ಫ್ರಾನ್ಸ್‌ನಲ್ಲಿ 14 ಹಂತ ಗೆದ್ದವರು. ರುಡೋಲ್ಫ್, ಗೆರ್‌ಹಾರ್ಡ್ ತಂದೆ ಮಗ. ಉಳಿದವರನ್ನು ಹೆಸರೊಂದನ್ನೇ ನೋಡಿ ನೆಂಟರೆನ್ನಲಾಗದು. ಅಂಗಿ ತೊಡುವವರು ಎಲ್ಲ ಊರಲ್ಲೂ ಇದ್ದರು, ಹೆಸರೂ ಊರೂರಲ್ಲಿ ಬೇರೆಬೇರೆಯಾಗಿ ಹುಟ್ಟಬಹುದು. ವಂಶವೃಕ್ಷ ಕಟ್ಟುವವರು ಎಡವುವುದು ಇಲ್ಲಿಯೇ.

ಹುಡುಕುವವರು ಹಿಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ಹೋಗಬೇಕು. ಇಡೀ ಜರ್ಮನಿಯಲ್ಲಿ ಸರಕಾರಿ ಜನನ, ಮದುವೆ, ಮರಣ ನೋಂದಣಿ ಶುರುವಾದದ್ದು 1876ರ ಜನವರಿ 1ಕ್ಕೆ, ಅಲ್ಲಿನ ಅತಿ ದೊಡ್ಡ ರಾಜ್ಯವಾಗಿದ್ದ ಪ್ರಶ್ಯದಲ್ಲಿ ತುಸು ಮುಂಚೆ, 1874ರಲ್ಲಿ. ಜನನದ ದಾಖಲೆ 110 ವರ್ಷ, ಮದುವೆಯದು 80, ಮರಣದ್ದು 30 ವರ್ಷ ಕಳೆದ ಮೇಲೆ ಎಲ್ಲರಿಗೂ ತೆರೆಯುತ್ತದೆ. ಸರಕಾರಿ ನೋಂದಣಿಗಿಂತ ಹಿಂದಕ್ಕೆ ಚರ್ಚಿನ ದಫ್ತರವೇ ಗತಿ. ಪ್ರಾಟೆಸ್ಟೆಂಟರ ಪುಟಗಳು ಆರ್ಕಿಯೋನ್ ತಾಣದಲ್ಲಿ ಚಂದಾ ಕಟ್ಟಿದರೆ ಸಿಗುತ್ತವೆ, ಕ್ಯಾಥೊಲಿಕರವು ಮಾಟ್ರಿಕುಲಾದಲ್ಲಿ ಪುಕ್ಕಟೆ. ಒಂದೇ ಊರಲ್ಲಿ ಇಬ್ಬರು ಯೋಹಾನ್ ಕಿಟ್ಟೆಲ್ ಕಂಡರೆ ಕಸುಬು, ಮನೆ ಸಂಖ್ಯೆ, ದೀಕ್ಷಾಸ್ನಾನಕ್ಕೆ ನಿಂತ ಜ್ಞಾನಪಿತರ ಹೆಸರು, ಈ ಮೂರನ್ನೂ ಬರೆದಿಟ್ಟುಕೊಳ್ಳಿ. ಇಬ್ಬರನ್ನೂ ಬಿಡಿಸುವುದು ಅವೇ.

ಕೈಬರಹದ್ದೇ ದೊಡ್ಡ ತೊಡಕು. ಕುರ್ರೆಂಟ್ ಎಂಬ ಹಳೆಯ ಜರ್ಮನ್ ಬರಹದಲ್ಲಿ ದೊಡ್ಡ ‘ಕೆ’ಯನ್ನು ‘ಆರ್’ ಎಂದು ಓದುವುದು ಸುಲಭ. ಸಣ್ಣ ‘ಇ’ (e) ಪಕ್ಕಾ ‘ಎನ್’ನಂತೆ (n) ಕಾಣುತ್ತದೆ. ಹೀಗಾಗಿ ಸೂಚಿಯಲ್ಲಿ ಕಿಟ್ಟೆಲ್ಲರು ರಿಟ್ಟೆಲ್ ಆಗಿ ಕೂತಿರುತ್ತಾರೆ. 18ನೇ ಶತಮಾನದ ಪುಟಗಳಲ್ಲಿ ಹೆಂಗಸರ ಹೆಸರಿಗೆ ‘ಇನ್’ ಸೇರಿ ಕಿಟ್ಟೆಲಿನ್ ಆಗುವುದುಂಟು. ಅದು ಬೇರೆ ಮನೆತನವಲ್ಲ. ಇಂಗ್ಲಿಷರ ಕೆಟಲ್ ಮಾತ್ರ ಬೇರೆಯೇ ಬಳ್ಳಿ, ಅದರ ಮೂಲ ಕೊಪ್ಪರಿಗೆ ಎಂಬ ಅರ್ಥದ ಕೆಟಿಲ್ ಎನ್ನುವ ನಾರ್ಸ್ ಹೆಸರು.

ನಾವು ‘ಟ್ಟ’ವನ್ನು ಒತ್ತಿ ಹೇಳುತ್ತೇವೆ. ಜರ್ಮನ್ನರು ಒತ್ತುವುದಿಲ್ಲ, ಅವರಿಗೆ ಎರಡು ‘ಟಿ’ ಹಿಂದಿನ ಸ್ವರ ಹ್ರಸ್ವ ಎಂಬುದರ ಗುರುತು ಅಷ್ಟೇ. ಹಳೆಯ ಬರಹಗಾರರು ಒಂದೇ ‘ಟಿ’ಯಲ್ಲೂ ಮುಗಿಸಿದ್ದಾರೆ, ಹುಡುಕುವಾಗ ಎರಡೂ ಬಗೆಯಲ್ಲಿ ಟೈಪಿಸಿ ನೋಡಿ.